ಬ್ರಿಟನ್ನಿಗೆ ಬಂದು ಮನೆಯಿಂದಲೇ ತಿಂಡಿ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ದೋಸೆ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಶನಿವಾರದ ಬಿಸಿಬೇಳೆಬಾತ್ ಡಬ್ಬಿ ಇಂಥದ್ದನ್ನು ಬ್ರಿಟನ್ನಿನಲ್ಲಿ ಮನೆಯಿಂದ ಮಾರಬೇಕೆಂದಿರುವ ಕನ್ನಡಿಗರಿಗಾಗಿ ಈ ಪುಟ. ನಿಯಮಗಳು ಮುಖ್ಯವಾಗಿ ಇಂಗ್ಲೆಂಡಿನವು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಮುಖ್ಯವಾದ ವ್ಯತ್ಯಾಸ ಇರುವ ಕಡೆ ಹೇಳಿದ್ದೇವೆ. ಇಲ್ಲಿ ಕೈ ಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಅಡುಗೆ ಕೆಟ್ಟು ಸುಟ್ಟುಕೊಳ್ಳುವುದಿಲ್ಲ, ಕೆಲಸದ ಕ್ರಮ ತಪ್ಪಿ ಸುಟ್ಟುಕೊಳ್ಳುತ್ತಾರೆ. ಮೊದಲು ವೀಸಾ, ಆಮೇಲೆ ಮನೆ ಮಾಲೀಕರು ಮತ್ತು ಕೌನ್ಸಿಲ್ (ಸ್ಥಳೀಯ ಆಡಳಿತ), ಆಮೇಲೆ ಲೇಬಲ್ಲು, ಬೆಲೆ. ಪಾತ್ರೆ ಕೊಳ್ಳುವುದು ಕೊನೆಗೆ.

ನನ್ನ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡಬಹುದಾ?

ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿಯಾಗಿ, ಅಂದರೆ ಡಿಪೆಂಡೆಂಟ್ ಆಗಿ ಬಂದಿದ್ದರೆ ಮಾಡಬಹುದು. ಆ ವೀಸಾದಲ್ಲಿ ನೌಕರಿಗೂ ಸ್ವಂತ ಉದ್ಯೋಗಕ್ಕೂ ಅವಕಾಶವಿದೆ. ಇಲ್ಲಿ ಓದು ಮುಗಿಸಿದವರಿಗೆ ಕೊಡುವ ಗ್ರ್ಯಾಜುಯೇಟ್ ವೀಸಾ, ಬ್ರಿಟಿಷ್ ನಾಗರಿಕರ ಸಂಗಾತಿಯ ವೀಸಾ, ಐಎಲ್‌ಆರ್ (ಕಾಯಂ ವಾಸದ ಅನುಮತಿ) ಇರುವವರೂ ಮಾಡಬಹುದು.

ಸ್ಟೂಡೆಂಟ್ ವೀಸಾದಲ್ಲಿ ಆಗುವುದಿಲ್ಲ. ವಾರಕ್ಕೆ 20 ಗಂಟೆ ಕೆಲಸಕ್ಕೆ ಅನುಮತಿ ಇದೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. ಆ 20 ಗಂಟೆ ಇನ್ನೊಬ್ಬರ ಬಳಿ ಸಂಬಳಕ್ಕೆ ದುಡಿಯಲು ಮಾತ್ರ. ಸ್ವಂತವಾಗಿ ನಾಲ್ಕು ಡಬ್ಬಿ ಮಾರಿದರೂ ಅದು ಷರತ್ತಿನ ಉಲ್ಲಂಘನೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ವಿಷಯವೂ ಅಷ್ಟೇ. ಅಮ್ಮ ಮೊಮ್ಮಗುವಿಗೆ ಅಡುಗೆ ಮಾಡುವುದು ಬೇರೆ, ನಿಮ್ಮ ಗಿರಾಕಿಗಳಿಗೆ ಹೋಳಿಗೆ ತಟ್ಟುವುದು ಬೇರೆ.

ಯಜಮಾನರದು ಸ್ಕಿಲ್ಡ್ ವರ್ಕರ್ ವೀಸಾ. ವ್ಯಾಪಾರ ನನ್ನ ಹೆಸರಲ್ಲಿದ್ದರೆ ಅವರು ಕೈಜೋಡಿಸಬಹುದಾ?

ಸ್ಕಿಲ್ಡ್ ವರ್ಕರ್ ವೀಸಾ ಕೊಟ್ಟಿರುವುದು ಪ್ರಾಯೋಜಕ ಕಂಪನಿಯ ಕೆಲಸಕ್ಕೆ. ಅದರ ಜೊತೆಗೆ ಮಾಡಬಹುದಾದ ಹೆಚ್ಚುವರಿ ಕೆಲಸದ ನಿಯಮದೊಳಗೆ ತಿಂಡಿ ವ್ಯಾಪಾರ ಬರುವುದಿಲ್ಲ. ಕಾಗದದಲ್ಲಿ ಹೆಂಡತಿಯ ಹೆಸರು, ಆರ್ಡರ್ ತೆಗೆದುಕೊಳ್ಳುವುದು, ಹಣ ಎಣಿಸುವುದು, ಡೆಲಿವರಿ ಎಲ್ಲ ಗಂಡನದು ಎಂಬ ಏರ್ಪಾಡು ಅಪಾಯದ್ದು. ದುಡ್ಡು ತೆಗೆದುಕೊಳ್ಳದಿದ್ದರೂ ಅದನ್ನು ಕೆಲಸ ಎಂದು ಎಣಿಸಬಹುದು. ಆರ್ಡರ್ ಬರುವ ಫೋನ್ ನಂಬರು, ಹಣ ಬೀಳುವ ಖಾತೆ, ಕೌನ್ಸಿಲ್ ನೋಂದಣಿ ಮೂರೂ ವ್ಯಾಪಾರ ಮಾಡುವವರ ಹೆಸರಲ್ಲೇ ಇರಲಿ. ಅನುಮಾನವಿದ್ದರೆ ನೋಂದಾಯಿತ ಇಮಿಗ್ರೇಷನ್ ಸಲಹೆಗಾರರನ್ನು ಒಮ್ಮೆ ಕೇಳಿ. ಆ ಫೀಸು ಉಳಿಸಲು ಹೋಗಿ ಇಡೀ ಕುಟುಂಬದ ವೀಸಾವನ್ನು ಪಣಕ್ಕಿಡುವುದು ಲಾಭದ ಲೆಕ್ಕವಲ್ಲ.

ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆ ಹತ್ತು ಡಬ್ಬಿ ಮಾರುತ್ತೇನೆ, ಅಷ್ಟೇ. ಅದಕ್ಕೂ ನೋಂದಣಿ ಬೇಕಾ?

ಬೇಕು. ಕ್ರಮವಾಗಿ ಮಾರುತ್ತಿದ್ದರೆ ಅದು ಆಹಾರ ವ್ಯಾಪಾರವೇ. ಮಾರಾಟ ಶುರುವಾಗುವುದಕ್ಕೆ 28 ದಿನ ಮೊದಲು ನಿಮ್ಮ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಅರ್ಜಿ ಆನ್‌ಲೈನ್‌ನಲ್ಲಿದೆ, ಶುಲ್ಕವಿಲ್ಲ, ಅವರು ನಿರಾಕರಿಸುವ ಹಾಗೂ ಇಲ್ಲ. ನೋಂದಾಯಿಸದೆ ಮಾರುವುದು ಅಪರಾಧ. ಈಗಾಗಲೇ ಮಾರುತ್ತಿದ್ದರೆ ಇವತ್ತೇ ಅರ್ಜಿ ಹಾಕಿ. ತಡವಾಗಿ ತಾವಾಗಿಯೇ ಬಂದವರನ್ನೂ ದೂರು ಬಂದ ಮೇಲೆ ಸಿಕ್ಕಿಬಿದ್ದವರನ್ನೂ ಅಧಿಕಾರಿಗಳು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ತಪಾಸಣೆಗೆ ಬಂದವರು ಏನು ನೋಡುತ್ತಾರೆ?

ಅಡುಗೆ ಮಾಡುವ ಮತ್ತು ಇಡುವ ರೀತಿ, ಅಡುಗೆಮನೆಯ ಸ್ಥಿತಿ, ನಿಮ್ಮ ಕಾಗದಪತ್ರ ಈ ಮೂರನ್ನು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ ಆ ಅಂಕವನ್ನು ಪ್ರದರ್ಶಿಸುವುದು ಕಡ್ಡಾಯ, ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲ. ಸ್ಕಾಟ್ಲೆಂಡಿನಲ್ಲಿ ಅಂಕಗಳಿಲ್ಲ, ‘ಪಾಸ್’ ಅಥವಾ ‘ಸುಧಾರಣೆ ಬೇಕು’ ಎಂಬ ಫಲಿತಾಂಶ.

ಅಡುಗೆಮನೆ ಫಳಫಳ ಹೊಳೆಯುತ್ತಿದ್ದರೂ 3 ಬಂತೆಂದು ಬೇಸರಪಟ್ಟುಕೊಳ್ಳುವವರ ಮನೆಯಲ್ಲಿ ಬಹುಪಾಲು ಇಲ್ಲದಿರುವುದು ಬರಹದ ದಾಖಲೆ. ‘ಸೇಫರ್ ಫುಡ್ ಬೆಟರ್ ಬಿಸಿನೆಸ್’ ಎಂಬ ಕಡತ ಉಚಿತವಾಗಿ ಸಿಗುತ್ತದೆ. ಅದನ್ನು ಮುದ್ರಿಸಿಕೊಂಡು, ನಿಮ್ಮ ತಿಂಡಿಗಳಿಗೆ ತಕ್ಕಂತೆ ತುಂಬಿ, ಅಡುಗೆ ಮಾಡಿದ ಪ್ರತಿ ದಿನ ದಿನಚರಿಗೆ ಸಹಿ ಹಾಕಿ. ಫ್ರಿಜ್ಜಿನ ಉಷ್ಣತೆ ಬರೆಯುವುದಕ್ಕೆ ಒಂದು ಹಾಳೆ ಇರಲಿ. ಲೆವೆಲ್ 2 ಫುಡ್ ಹೈಜೀನ್ ತರಬೇತಿ ಆನ್‌ಲೈನ್‌ನಲ್ಲೇ ಅರ್ಧ ದಿನದಲ್ಲಿ ಮುಗಿಯುತ್ತದೆ, ಖರ್ಚೂ ಸ್ವಲ್ಪವೇ. ಕಾನೂನು ಆ ಸರ್ಟಿಫಿಕೇಟನ್ನೇ ಕೇಳುವುದಿಲ್ಲ, ಆದರೆ ಬಂದವರು ಕೇಳುತ್ತಾರೆ.

ಕೈ ತೊಳೆಯುವ ಜಾಗ, ಅಲ್ಲಿ ಸೋಪು, ಪೇಪರ್ ಟವೆಲ್ ನೋಡುತ್ತಾರೆ. ಒಲೆ ಉರಿಯುವಾಗ ಬಟ್ಟೆ ಒಗೆಯುವ ಮಷಿನ್ನಿಗೆ ಕೊಳೆಬಟ್ಟೆ ತುಂಬಬಾರದು. ಇಲ್ಲಿನ ಮನೆಗಳಲ್ಲಿ ಆ ಮಷಿನ್ನು ಅಡುಗೆಮನೆಯಲ್ಲೇ ಇರುವುದರಿಂದ ಈ ಪ್ರಶ್ನೆ ಬಂದೇ ಬರುತ್ತದೆ.

ಬಾಡಿಗೆ ಮನೆಯಲ್ಲಿದ್ದೇವೆ.

ಕರಾರು ಪತ್ರ ತೆಗೆದು ಓದಿ. ಮನೆಯಿಂದ ವ್ಯಾಪಾರ ಮಾಡಬಾರದೆಂಬ ಷರತ್ತು ಬಹಳಷ್ಟು ಕರಾರುಗಳಲ್ಲಿರುತ್ತದೆ. ಮಾಲೀಕರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ, ಬಾಯಿಮಾತು ಸಾಲದು. ಮನೆಯ ವಿಮೆಯವರಿಗೂ ತಿಳಿಸಿ. ವ್ಯಾಪಾರದ ಕಸವನ್ನು ಮನೆಯ ಬಿನ್ನಿಗೆ ಹಾಕುವಂತಿಲ್ಲ, ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಲೇಬಾರದು. ಮತ್ತೆ, ಒಗ್ಗರಣೆ. ಒಣಮೆಣಸಿನಕಾಯಿ ಹುರಿದ ಘಾಟು ಗೋಡೆಯಾಚೆಗೆ ಹೋಗಿ ದೂರು ಕೌನ್ಸಿಲ್‌ಗೆ ಮುಟ್ಟಿದರೆ ಇನ್ನೊಂದು ವಿಭಾಗದವರು ಬರುತ್ತಾರೆ. ಪುಡಿಗಳಿಗೆ ಹುರಿಯುವ ಕೆಲಸವನ್ನು ವಾರದ ದಿನ ಹಗಲಿನಲ್ಲಿ ಇಟ್ಟುಕೊಳ್ಳಿ.

ಯಾವುದರಿಂದ ಶುರು ಮಾಡಲಿ?

ಚಟ್ನಿಪುಡಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜಿನಿಂದ. ಪುಡಿಗಳಲ್ಲಿ ನೀರಿನಂಶವಿಲ್ಲ, ಗೊಜ್ಜಿನಲ್ಲಿ ಹುಣಸೆಹಣ್ಣಿನ ಹುಳಿ, ಎಣ್ಣೆ ಇವೆ. ಹಾಗಾಗಿ ಬಾಳಿಕೆ ಹೆಚ್ಚು, ಮಾರದೆ ಉಳಿದರೂ ನಷ್ಟ ಕಡಿಮೆ, ಪೋಸ್ಟಿನಲ್ಲೂ ಕಳಿಸಬಹುದು. ಎಲ್ಲರೂ ಮೊದಲು ದೋಸೆ ಹಿಟ್ಟಿಗೆ ಕೈಹಾಕುತ್ತಾರೆ. ನಮ್ಮ ಮಟ್ಟಿಗೆ ಮಾರಲು ಅತ್ಯಂತ ಕಷ್ಟದ ವಸ್ತು ಅದೇ.

ಹಿಟ್ಟಿನಲ್ಲಿ ಅಂಥ ಕಷ್ಟ ಏನಿದೆ?

ಅದು ಮಾರಿದ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ಪ್ಯಾಕೆಟ್ಟಿನೊಳಗೂ ಹುದುಗುತ್ತಲೇ ಇರುತ್ತದೆ, ಗಾಳಿ ತುಂಬುತ್ತದೆ, ಬಿಗಿಯಾಗಿ ಮುಚ್ಚಿದ್ದರೆ ಗಿರಾಕಿಯ ಫ್ರಿಜ್ಜಿನಲ್ಲಿ ಒಡೆಯುತ್ತದೆ. ಗಾಳಿ ಹೊರಬಿಡುವ ಕವಾಟವಿರುವ ಪೌಚ್ ಅಥವಾ ಸಡಿಲ ಮುಚ್ಚಳದ ಡಬ್ಬಿ ತೆಗೆದುಕೊಂಡು, ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಹುದುಗು ಬಂದ ತಕ್ಷಣ 5 ಡಿಗ್ರಿಗೆ ತಣಿಸಿ, ತಂಪು ಚೀಲದಲ್ಲೇ ತಲುಪಿಸಿ.

ಪ್ರಮಾಣ ಹೀಗೆ: 800 ಗ್ರಾಂ ಇಡ್ಲಿ ಅಕ್ಕಿ, 200 ಗ್ರಾಂ ಉದ್ದು, ಒಂದು ಚಮಚ ಮೆಂತ್ಯ, 20ರಿಂದ 25 ಗ್ರಾಂ ಉಪ್ಪು. ಇದರಿಂದ ಸುಮಾರು ಎರಡೂವರೆ ಕೆಜಿ ಹಿಟ್ಟು ಬರುತ್ತದೆ. ಊರಿಂದ ತಂದ ಗ್ರೈಂಡರು ಇಲ್ಲಿನ 230 ವೋಲ್ಟಿಗೆ ಓಡುತ್ತದೆ, ಪ್ಲಗ್ ಮಾತ್ರ ಇಲ್ಲಿನ ಫ್ಯೂಸ್ ಇರುವ ಮೂರು ಕಡ್ಡಿಯದ್ದಾಗಬೇಕು. ಎರಡು ಲೀಟರಿನ ಗ್ರೈಂಡರಿಗೆ ಇಷ್ಟನ್ನೂ ಒಮ್ಮೆಗೇ ತುರುಕಬೇಡಿ. ಉದ್ದನ್ನು ಬೇರೆ, ಅಕ್ಕಿಯನ್ನು ಬೇರೆ ರುಬ್ಬಿ.

ಜನವರಿಯಲ್ಲಿ ಅಡುಗೆಮನೆ 17 ಡಿಗ್ರಿ ಇರುತ್ತದೆ, ಹಿಟ್ಟು ಉಬ್ಬದೆ ಇಟ್ಟ ಹಾಗೇ ಕೂತಿರುತ್ತದೆ. ಬೇಕಾದದ್ದು 28ರಿಂದ 30 ಡಿಗ್ರಿ, 10ರಿಂದ 14 ಗಂಟೆ. ಅವನ್ನಿನ ದೀಪ ಹಾಕಿ ಒಳಗಿಡುವ ಉಪಾಯ ಎಲ್ಲರಿಗೂ ಗೊತ್ತು, ಆದರೆ ಹೊಸ ಅವನ್ನುಗಳಲ್ಲಿ ಎಲ್‌ಇಡಿ ದೀಪವಿದ್ದರೆ ಶಾಖವೇ ಬರುವುದಿಲ್ಲ. ಬ್ರೆಡ್ ಹಿಟ್ಟು ಉಬ್ಬಿಸುವ ಸೆಟ್ಟಿಂಗ್ ಇದ್ದರೆ ಅದನ್ನು ಬಳಸಿ, ಹಿಟ್ಟಿನ ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ. 35 ದಾಟಿದರೆ ಹುಳಿ ಮುಂದೆ ಓಡುತ್ತದೆ, ಉಬ್ಬು ಹಿಂದೆ ಬೀಳುತ್ತದೆ.

‘ಇಷ್ಟು ದಿನದೊಳಗೆ ಬಳಸಿ’ ಎಂಬ ದಿನಾಂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ಒಂದು ಕೊಪ್ಪರಿಗೆಯ ನಾಲ್ಕಾರು ಪ್ಯಾಕೆಟ್ಟುಗಳನ್ನು ಗಿರಾಕಿಯ ಮನೆಯ ಫ್ರಿಜ್ಜಿನಂತೆ 8 ಡಿಗ್ರಿಯಲ್ಲಿಟ್ಟು, ದಿನಕ್ಕೊಂದು ತೆರೆದು ವಾಸನೆ, ರುಚಿ, ಪಿಎಚ್ (ಹುಳಿಯ ಅಳತೆ) ದಾಖಲಿಸಿ. ಅಂಗಡಿಗೆ ಕೊಡುವುದಾದರೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಿ.

ಅಲರ್ಜಿ ಲೇಬಲ್ಲಿನಲ್ಲಿ ಏನಿರಬೇಕು?

ಇದನ್ನು ಎರಡು ಸಲ ಓದಿ. ಇಲ್ಲಿನ ಕಾನೂನು 14 ಅಲರ್ಜಿಕಾರಕಗಳನ್ನು ಹೆಸರಿಸಿದೆ. ಅವುಗಳಲ್ಲಿ ನಮ್ಮ ಅಡುಗೆಯಲ್ಲಿ ದಿನಾ ಸಿಗುವವು ಸಾಸಿವೆ, ಎಳ್ಳು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು ಮತ್ತು ಗೋಧಿಯಂಥ ಗ್ಲುಟೆನ್ ಧಾನ್ಯಗಳು. ಸೋಯಾ, ಮೊಟ್ಟೆ, ಮೀನು, ಸೆಲರಿಯೂ ಪಟ್ಟಿಯಲ್ಲಿವೆ. ಒಣಹಣ್ಣಿನ ಬಣ್ಣ ಉಳಿಸಲು ಹಾಕುವ ಸಲ್ಫೈಟ್ ಕೆಜಿಗೆ 10 ಮಿಲಿಗ್ರಾಂ ದಾಟಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೊಂಬಣ್ಣದ ದ್ರಾಕ್ಷಿಯ ಪ್ಯಾಕೆಟ್ ತಿರುಗಿಸಿ ನೋಡಿ. ತೆಂಗಿನಕಾಯಿ, ಹುರಿಗಡಲೆ ಈ 14ರಲ್ಲಿಲ್ಲ.

ಹೆಚ್ಚಿನವರು ಎಡವುವುದು ಇಂಗಿನಲ್ಲಿ. ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ‘ಅಕ್ಕಿ, ಬೇಳೆ ಬಿಟ್ಟರೆ ಬೇರೇನಿಲ್ಲ, ಗ್ಲುಟೆನ್ ಇಲ್ಲ’ ಎಂದು ಹೇಳಿ ಕೊಟ್ಟ ಬಿಸಿಬೇಳೆಬಾತ್‌ನಲ್ಲಿ ಇಂಗಿನ ಮೂಲಕ ಗೋಧಿ ಹೋಗಿರುತ್ತದೆ, ಒಗ್ಗರಣೆಯಲ್ಲಿ ಸಾಸಿವೆ, ಮೇಲಿನ ತುಪ್ಪದಲ್ಲಿ ಹಾಲು, ಜೊತೆಗೆ ಗೋಡಂಬಿ. ಒಂದು ಡಬ್ಬಿಯಲ್ಲಿ ನಾಲ್ಕು.

ಗಿರಾಕಿ ಕೇಳುವ ಮೊದಲೇ ಪ್ಯಾಕ್ ಮಾಡಿಟ್ಟು ನೀವೇ ನೇರವಾಗಿ ಮಾರುವ ತಿಂಡಿಗೆ ಹೆಸರು, ಎಲ್ಲ ಪದಾರ್ಥಗಳ ಪಟ್ಟಿ, ಅದರಲ್ಲಿ ಅಲರ್ಜಿಕಾರಕಗಳು ದಪ್ಪಕ್ಷರದಲ್ಲಿ ಇರಬೇಕು. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಈ ನಿಯಮವನ್ನು ‘ನತಾಶಾ ಕಾನೂನು’ ಎನ್ನುತ್ತಾರೆ. ಎಳ್ಳು ಬೆರೆತದ್ದು ಲೇಬಲ್ಲಿನಲ್ಲಿ ಇಲ್ಲದ ಸ್ಯಾಂಡ್‌ವಿಚ್ ತಿಂದು 2016ರಲ್ಲಿ ತೀರಿಕೊಂಡ ಹುಡುಗಿಯ ಹೆಸರು ಅದು. ಬೇರೆ ಅಂಗಡಿಯ ಮೂಲಕ ಮಾರಿದರೆ ತೂಕ, ದಿನಾಂಕ, ಇಡುವ ವಿಧಾನ, ನಿಮ್ಮ ವಿಳಾಸವೂ ಸೇರುತ್ತವೆ. ಫೋನು, ವಾಟ್ಸಾಪ್‌ನಲ್ಲಿ ಆರ್ಡರ್ ಪಡೆಯುವವರು ಅಲರ್ಜಿ ಮಾಹಿತಿಯನ್ನು ಆರ್ಡರಿಗೆ ಮೊದಲೊಮ್ಮೆ, ಡಬ್ಬಿ ಕೈಗೆ ಕೊಡುವಾಗ ಇನ್ನೊಮ್ಮೆ ಕೊಡಬೇಕು. ಮೆನು ಹಾಕುವ ಸಂದೇಶದಲ್ಲೇ ಪ್ರತಿ ತಿಂಡಿಯ ಪಕ್ಕ ಬರೆದುಬಿಡಿ. ಲೇಬಲ್ ಇಂಗ್ಲಿಷಿನಲ್ಲಿರಬೇಕು, ಪಕ್ಕದಲ್ಲಿ ಕನ್ನಡ ಹಾಕಿಕೊಳ್ಳಲು ಅಡ್ಡಿಯಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಭಾರತದಿಂದ ಬಂದ ಸಾಸಿವೆ ಸಾಮಗ್ರಿಯಲ್ಲಿ ಶೇಂಗಾ ಬೆರೆತದ್ದು ಪತ್ತೆಯಾಗಿ, ಶೇಂಗಾ ಅಲರ್ಜಿ ಇರುವವರು ಸಾಸಿವೆ ಇರುವ ಯಾವುದನ್ನೂ ತಿನ್ನಬೇಡಿ ಎಂದು ಇಲ್ಲಿನ ಆಹಾರ ಇಲಾಖೆ ಎಚ್ಚರಿಸಿತ್ತು. ಹಾಗಾಗಿ ಕೊಂಡ ಪ್ರತಿ ಸಾಮಾನಿನ ರಸೀದಿ, ಬ್ಯಾಚ್ ನಂಬರ್ ಎತ್ತಿಡಿ. ನಾಳೆ ಯಾವುದೋ ಬ್ಯಾಚ್ ವಾಪಸ್ ಕರೆದರೆ ಅದು ಯಾವ ಡಬ್ಬಿಗೆ, ಯಾರ ಮನೆಗೆ ಹೋಯಿತೆಂದು ಹೇಳಲು ಬರಬೇಕು.

ಅಮ್ಮ ಊರಿಂದ ಮಾಡಿ ಕಳಿಸಿದ ಪುಡಿಯನ್ನು ಮಾರಬಹುದಾ?

ಸೂಟ್‌ಕೇಸಿನಲ್ಲಿ ಬಂದದ್ದು ಮನೆಬಳಕೆಗೆ. ಮಾರಲು ತಂದರೆ ಅದು ಆಮದು, ಅದಕ್ಕೆ ಕಸ್ಟಮ್ಸ್ ದಾಖಲೆ ಬೇಕು, ಭಾರತದ ಕೆಲವು ಮಸಾಲೆಗಳಿಗೆ ಗಡಿಯಲ್ಲಿ ಹೆಚ್ಚುವರಿ ತಪಾಸಣೆಯೂ ಇದೆ. ತುಪ್ಪ, ಖೋವಾ, ಪನೀರ್‌ಗಳನ್ನು ಭಾರತದಿಂದ ಮನೆಬಳಕೆಗೂ ತರುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೇಕೆಂದರೆ ಇಲ್ಲಿನ ಸಗಟು ಅಂಗಡಿಯಲ್ಲಿ ರಸೀದಿ ಸಹಿತ ಕೊಂಡು, ಅಮ್ಮನ ಅಳತೆಯಲ್ಲಿ ಇಲ್ಲೇ ಪುಡಿ ಮಾಡಿ.

ಅನ್ನದ ತಿಂಡಿಗಳಲ್ಲಿ ಎಚ್ಚರ ವಹಿಸಬೇಕಾದ್ದೇನು?

ಬೆಂದ ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಸಾಯದೆ ಉಳಿಯುತ್ತವೆ. ಉಗುರುಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಬಿಸಿಯಾಗಿ ಕೊಡುವುದನ್ನು 63 ಡಿಗ್ರಿಗಿಂತ ಮೇಲೆಯೇ ಇಡಿ. ತಣ್ಣಗೆ ಕೊಡುವುದಾದರೆ ದೊಡ್ಡ ಕೊಳಗದಲ್ಲಿ ಬಿಡದೆ, ಅಗಲವಾದ ತಟ್ಟೆಗಳಲ್ಲಿ ಐದು ಸೆಂಟಿಮೀಟರಿಗಿಂತ ತೆಳ್ಳಗೆ ಹರಡಿ, ಒಂದೂವರೆ ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಹತ್ತು ಲೀಟರ್ ಬಿಸಿಬೇಳೆಬಾತ್ ಕೊಳಗದಲ್ಲೇ ಇದ್ದರೆ ರಾತ್ರಿಯಿಡೀ ನಡುಭಾಗ ಬೆಚ್ಚಗಿರುತ್ತದೆ, ಮೇಲೆ ಕೈಯಿಟ್ಟರೆ ಗೊತ್ತಾಗುವುದಿಲ್ಲ. ಬೇಯಿಸುವಾಗ, ಮತ್ತೆ ಕಾಯಿಸುವಾಗ ನಡುಭಾಗ 75 ಡಿಗ್ರಿ ಮುಟ್ಟಬೇಕು. ಸ್ಕಾಟ್ಲೆಂಡಿನಲ್ಲಿ ಮತ್ತೆ ಕಾಯಿಸುವುದಕ್ಕೆ 82.

ಬೆಲೆ ಹೇಗೆ ಇಡಲಿ?

ಪರಿಚಯದವರೆಂದು ಕಡಿಮೆ ಇಟ್ಟು ಆಮೇಲೆ ಏರಿಸಲಾಗದೆ ಒದ್ದಾಡುವುದು ಈ ವ್ಯಾಪಾರದ ಹಳೇ ಕಾಯಿಲೆ. 20 ಡಬ್ಬಿ ಬಿಸಿಬೇಳೆಬಾತ್‌ನ ಒಂದು ಮಾದರಿ ಲೆಕ್ಕ: ಸಾಮಾನು 30 ಪೌಂಡ್, ಡಬ್ಬಿ 5, ಲೇಬಲ್ 1, ಗ್ಯಾಸು ಕರೆಂಟು 4, ಓಡಾಟ 6. ಒಟ್ಟು 46. ಡಬ್ಬಿಗೆ 4.50 ಇಟ್ಟು 90 ಬಂದರೆ ದುಪ್ಪಟ್ಟು ಎಂದು ಖುಷಿಯಾಗುತ್ತದೆ. ಆದರೆ ಸಾಮಾನು ತರುವುದರಿಂದ ಪಾತ್ರೆ ತೊಳೆಯುವವರೆಗೆ ಐದು ಗಂಟೆ ಹಿಡಿದಿದೆ. 2026ರ ಏಪ್ರಿಲ್‌ನಿಂದ 21 ವರ್ಷ ಮೇಲ್ಪಟ್ಟ ನೌಕರರ ಕನಿಷ್ಠ ಕೂಲಿ ಗಂಟೆಗೆ 12.71. ಅದೇ ದರ ನಿಮಗೂ ಹಿಡಿದರೆ 63.55 ಸೇರಿ 109.55, ಅಂದರೆ ಡಬ್ಬಿಗೆ 5.48 ಅಸಲು. ಶೇಕಡ 30 ಕಮಿಷನ್ ತೆಗೆದುಕೊಳ್ಳುವ ಡೆಲಿವರಿ ಆ್ಯಪ್‌ನಲ್ಲಿ ಮಾರಿದರೆ 7.83 ಇಟ್ಟರೆ ಮಾತ್ರ ಅಸಲು ಹುಟ್ಟುತ್ತದೆ. 20ರ ಬದಲು 40 ಡಬ್ಬಿ ಮಾಡಿದರೆ ಸಮಯ ದುಪ್ಪಟ್ಟಾಗುವುದಿಲ್ಲ. ಲಾಭ ಇರುವುದು ಅಲ್ಲಿ. ಅದಕ್ಕೇ ಒಂದು ವಾರಕ್ಕೆ ಒಂದೇ ತಿಂಡಿ ಇಡಿ.

ಕಂಪನಿ ಮಾಡಬೇಕಾ?

ಶುರುವಿನಲ್ಲಿ ಬೇಡ, ಸೋಲ್ ಟ್ರೇಡರ್ (ಕಂಪನಿಯಿಲ್ಲದೆ ಒಬ್ಬರೇ ಸ್ವಂತವಾಗಿ ವ್ಯಾಪಾರ ಮಾಡುವವರು) ಆದರೆ ಸಾಕು. ಲಿಮಿಟೆಡ್ ಕಂಪನಿಗೆ 2026ರ ಫೆಬ್ರವರಿಯಿಂದ ಆನ್‌ಲೈನ್ ನೋಂದಣಿಗೆ 100 ಪೌಂಡ್, ನಿರ್ದೇಶಕರ ಗುರುತಿನ ಪರಿಶೀಲನೆ, ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಕೆ, ಜೊತೆಗೆ ಅಕೌಂಟೆಂಟ್ ಫೀಸು. ನೋಂದಾಯಿತ ಕಚೇರಿಯಾಗಿ ಮನೆಯ ವಿಳಾಸ ಕೊಟ್ಟರೆ ಅದನ್ನು ಯಾರು ಬೇಕಾದರೂ ನೋಡಬಹುದು.

ತೆರಿಗೆ?

ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ಒಂದು ತೆರಿಗೆ ವರ್ಷ. ಅದರಲ್ಲಿ ಒಟ್ಟು ಮಾರಾಟ 1,000 ಪೌಂಡ್ ದಾಟಿದರೆ ಇಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಾಯಿಸಬೇಕು. ಗಮನಿಸಿ, ಮಾರಾಟ, ಲಾಭವಲ್ಲ. 2026ರ ಜುಲೈಯಲ್ಲಿ ಶುರು ಮಾಡಿದವರಿಗೆ ನೋಂದಣಿಯ ಗಡುವು 2027ರ ಅಕ್ಟೋಬರ್ 5, ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟುವ ಗಡುವು 2028ರ ಜನವರಿ 31. ಒಂದು ದಿನ ತಡವಾದರೂ ರಿಟರ್ನಿಗೆ 100 ಪೌಂಡ್ ದಂಡ.

ಬೇರೆ ಆದಾಯವಿಲ್ಲದವರಿಗೆ 12,570 ಪೌಂಡ್‌ವರೆಗಿನ ಲಾಭಕ್ಕೆ ಆದಾಯ ತೆರಿಗೆಯಿಲ್ಲ. ಬೇರೆ ನೌಕರಿ ಇದ್ದು ಆ ಮಿತಿ ಅಲ್ಲೇ ಮುಗಿದಿದ್ದರೆ ತಿಂಡಿಯ ಲಾಭಕ್ಕೆ ಮೊದಲ ಪೌಂಡಿನಿಂದಲೇ ತೆರಿಗೆ. ಮೊದಲ ವರ್ಷದ ಬಿಲ್ಲು 1,000 ದಾಟಿದರೆ ಸಾಮಾನ್ಯವಾಗಿ ಮುಂದಿನ ವರ್ಷದ ಲೆಕ್ಕಕ್ಕೆ ಅದರ ಅರ್ಧವನ್ನು ಅದೇ ಜನವರಿಯಲ್ಲಿ, ಇನ್ನರ್ಧವನ್ನು ಜುಲೈಯಲ್ಲಿ ಮುಂಗಡವಾಗಿ ಕೇಳುತ್ತಾರೆ. ಇದು ಗೊತ್ತಿಲ್ಲದೆ ಜನವರಿಯಲ್ಲಿ ಸಾಲ ಮಾಡುವವರಿದ್ದಾರೆ. ಪ್ರತಿ ತಿಂಗಳ ಲಾಭದ ಕಾಲುಭಾಗವನ್ನು ಬೇರೆ ಖಾತೆಗೆ ಹಾಕಿಡಿ.

ಲಾಭ ಕಡಿಮೆಯಿದ್ದರೂ ಕ್ಲಾಸ್ 2 ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿಯ ಲೆಕ್ಕಕ್ಕೆ ಬರುವ ವಂತಿಗೆ) ಅನ್ನು ಸ್ವಇಚ್ಛೆಯಿಂದ ಕಟ್ಟಬಹುದು. ಸರ್ಕಾರಿ ಪಿಂಚಣಿಗೆ ಕನಿಷ್ಠ 10 ವರ್ಷದ ದಾಖಲೆ ಬೇಕಾಗುವುದರಿಂದ, ಇಲ್ಲೇ ನೆಲೆಸುವವರು ಇದನ್ನು ಬಿಡಬಾರದು.

ವ್ಯಾಟ್?

ಹಿಂದಿನ 12 ತಿಂಗಳ ಮಾರಾಟ 90,000 ಪೌಂಡ್ ದಾಟುವವರೆಗೆ ಚಿಂತೆಯಿಲ್ಲ.

ಬ್ಯಾಂಕ್ ಖಾತೆ ತೆರೆಯಲು ಕೊಡುತ್ತಿಲ್ಲ.

ಹೊಸದಾಗಿ ಬಂದವರಿಗೆ ವಿಳಾಸದ ಪುರಾವೆಯೇ ತೊಡಕು, ಏಕೆಂದರೆ ಕರೆಂಟು, ನೀರಿನ ಬಿಲ್ಲುಗಳೆಲ್ಲ ಸಂಗಾತಿಯ ಹೆಸರಲ್ಲಿರುತ್ತವೆ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿಗೆ ನಿಮ್ಮ ಹೆಸರನ್ನೂ ಸೇರಿಸಿಸಿಕೊಳ್ಳಿ. ಆ್ಯಪ್ ಮೂಲಕ ನಡೆಯುವ ಬ್ಯಾಂಕುಗಳಲ್ಲಿ ಬೇಗ ಆಗುತ್ತದೆ. ಸೋಲ್ ಟ್ರೇಡರಿಗೆ ಬೇರೆ ಖಾತೆ ಕಾನೂನಿನಂತೆ ಕಡ್ಡಾಯವಲ್ಲ, ಆದರೆ ಮನೆಯ ಖಾತೆಯಲ್ಲಿ ವ್ಯಾಪಾರ ನಡೆಸಬಾರದೆಂದು ಬ್ಯಾಂಕೇ ಷರತ್ತು ಹಾಕಿರಬಹುದು.

ಹಬ್ಬದ ಸಮಯದಲ್ಲಿ ಪರಿಚಯದ ವಿದ್ಯಾರ್ಥಿಯನ್ನು ಸಹಾಯಕ್ಕೆ ಕರೆಯಬಹುದಾ?

ನಿಮ್ಮ ನೌಕರನಾಗಿ, ಅವನ ಬೇರೆ ಕೆಲಸವೂ ಸೇರಿ ವಾರದ 20 ಗಂಟೆಯೊಳಗೆ ಕರೆಯಬಹುದು. ‘ಬಿಲ್ಲು ಕೊಡು, ಕಾಸು ಕೊಡುತ್ತೇನೆ’ ಎಂದರೆ ಅದು ಸ್ವಂತ ಉದ್ಯೋಗವಾಗಿ ಅವನ ವೀಸಾಕ್ಕೆ ಕುತ್ತು. ಅವನಿಂದ ಶೇರ್ ಕೋಡ್ (ವೀಸಾ ವಿವರ ನೋಡಲು ಕೊಡುವ ಸಂಕೇತ) ಪಡೆದು ಕೆಲಸದ ಹಕ್ಕನ್ನು ಆನ್‌ಲೈನ್‌ನಲ್ಲಿ ಪರೀಕ್ಷಿಸಿ, ಆ ಪುಟವನ್ನು ಉಳಿಸಿಟ್ಟುಕೊಳ್ಳಿ. ಹಕ್ಕಿಲ್ಲದವರನ್ನು ಇಟ್ಟುಕೊಂಡರೆ ಮೊದಲ ಸಲವೇ ಒಬ್ಬರಿಗೆ 45,000 ಪೌಂಡ್‌ವರೆಗೆ ದಂಡ. ನೌಕರ ಎಂದಮೇಲೆ ಎಂಪ್ಲಾಯರ್ಸ್ ಲಯಬಿಲಿಟಿ ವಿಮೆ (ಕೆಲಸದಲ್ಲಿ ನೌಕರನಿಗೆ ಪೆಟ್ಟಾದರೆ ಪರಿಹಾರಕ್ಕೆ) ಕಡ್ಡಾಯ, ಕನಿಷ್ಠ 50 ಲಕ್ಷ ಪೌಂಡ್ ಮೊತ್ತದ್ದು. ಅದಿಲ್ಲದಿದ್ದರೆ ದಿನಕ್ಕೆ 2,500ರವರೆಗೆ ದಂಡ.

ಕನ್ನಡ ಸಂಘದ ದಸರಾ ಕಾರ್ಯಕ್ರಮದಲ್ಲಿ ಸ್ಟಾಲ್ ಹಾಕಬೇಕು.

ಒಳ್ಳೆಯ ಶುರು. ಆಯೋಜಕರು ನಿಮ್ಮ ನೋಂದಣಿ, ಹೈಜೀನ್ ಅಂಕ, ಪಬ್ಲಿಕ್ ಲಯಬಿಲಿಟಿ ವಿಮೆ (ಗಿರಾಕಿಗಳಿಗೆ ಹಾನಿಯಾದರೆ ಪರಿಹಾರಕ್ಕೆ) ಕೇಳುತ್ತಾರೆ. ಹಾಲ್‌ನವರನ್ನು ನೀವು ಕೇಳಬೇಕಾದ್ದು ಎರಡು: ಒಳಗೆ ಗ್ಯಾಸ್ ಸಿಲಿಂಡರ್ ಬಿಡುತ್ತಾರಾ, ಮತ್ತು ನಿಮಗೆ ಎಷ್ಟು ಸಾಕೆಟ್. ಇಲ್ಲಿನ 13 ಆಂಪಿಯರ್ ಸಾಕೆಟ್ಟಿನಿಂದ ಎಳೆಯಬಹುದಾದ್ದು ಸುಮಾರು 3 ಕಿಲೋವ್ಯಾಟ್. ಎರಡು ಕಿಲೋವ್ಯಾಟಿನ ಎರಡು ಇಂಡಕ್ಷನ್ ಒಲೆಗಳನ್ನು ಒಂದೇ ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಿದರೆ, ಕ್ಯೂ ಉದ್ದವಿರುವಾಗಲೇ ಫ್ಯೂಸ್ ಹೋಗುತ್ತದೆ. ಹೆಂಚು ಮತ್ತೆ ಕಾಯುವವರೆಗೆ ದೋಸೆ ಏಳುವುದಿಲ್ಲ. ಮೊದಲ ಸಲ ದೋಸೆ ಬೇಡ, ಕೇಸರಿಬಾತು, ಖಾರಾಬಾತು ಮಾಡಿ ಬಿಸಿ ಪೆಟ್ಟಿಗೆಯಲ್ಲಿ ಒಯ್ಯಿರಿ.

ಮನೆ ಬದಲಿಸಿದರೆ ಅಥವಾ ವ್ಯಾಪಾರ ನಿಲ್ಲಿಸಿದರೆ?

ನೋಂದಣಿ ಅಡುಗೆ ನಡೆಯುವ ಜಾಗದ್ದು, ನಿಮ್ಮ ಜೊತೆ ಬರುವುದಿಲ್ಲ. ಹೊಸ ಮನೆ ಬೇರೆ ಕೌನ್ಸಿಲ್ಲಿನಲ್ಲಿದ್ದರೆ ಹಳೆಯವರಿಗೆ ತಿಳಿಸಿ, ಹೊಸಬರಲ್ಲಿ ಮತ್ತೆ 28 ದಿನ ಮೊದಲು ಅರ್ಜಿ ಹಾಕಿ. ಲೇಬಲ್ಲಿನ ವಿಳಾಸವೂ ಬದಲಾಗಬೇಕು, ಆದ್ದರಿಂದ ಒಮ್ಮೆಗೇ ಸಾವಿರ ಲೇಬಲ್ ಅಚ್ಚು ಹಾಕಿಸಬೇಡಿ. ನಿಲ್ಲಿಸುವುದಾದರೆ ಕೌನ್ಸಿಲ್‌ಗೂ ಎಚ್‌ಎಂಆರ್‌ಸಿಗೂ ಹೇಳಿ. ಕೊನೆಯ ವರ್ಷದ ರಿಟರ್ನ್ ಬಾಕಿಯಿರುತ್ತದೆ, ಲೆಕ್ಕದ ಪುಸ್ತಕಗಳನ್ನು ಅದರ ಜನವರಿ 31ರ ಗಡುವಿನಿಂದ ಐದು ವರ್ಷ ಇಟ್ಟುಕೊಳ್ಳಬೇಕು, ನೀವು ಬೆಂಗಳೂರಿಗೆ ವಾಪಸಾಗಿದ್ದರೂ ಸರಿ.